ಆಳಿಗೂ ಅಜ್ಜನುಂಟು

ನಮ್ಮ ಸಂಘದ ಕೂಟಗಳಲ್ಲಿ ಮನೆತನಗಳ ಚರಿತ್ರೆಯ ಮಾತು ಬಂದಾಗಲೆಲ್ಲ ಒಂದು ಅಭಿಪ್ರಾಯ ತಪ್ಪದೆ ಕೇಳಿಬರುತ್ತದೆ. ಗುತ್ತು ಬೀಡುಗಳಿಗೆ, ಪಟೇಲ ಶಾನುಭೋಗರ ಮನೆಗಳಿಗೆ ಚರಿತ್ರೆಯುಂಟು. ಅವರಲ್ಲಿ ಓಲೆಗಳಿವೆ, ಮೂಲಗೇಣಿ ಚೀಟುಗಳಿವೆ, ದೇವಸ್ಥಾನದ ಮರ್ಯಾದೆಯ ದಾಖಲೆಗಳಿವೆ. ಆ ಮನೆಗಳ ಗದ್ದೆಯಲ್ಲಿ ದುಡಿದವನಿಗೆ ಏನಿದೆ? ಹೆಚ್ಚೆಂದರೆ ಅವನಿಗೆ ತನ್ನ ಅಜ್ಜನ ಹೆಸರು ನೆನಪಿದ್ದೀತು. ಅದರಾಚೆಗೆ ಬರಿಯ ಕತ್ತಲೆ. ಆದುದರಿಂದ ಆಳುಗಳ ವಂಶವನ್ನು ಹುಡುಕಹೊರಡುವುದು ಆಕಾಶಕ್ಕೆ ಏಣಿ ಹಾಕಿದಂತೆ ಎಂದು ತೀರ್ಪಾಗುತ್ತದೆ. ಹೀಗೆ ಹೇಳುವವರು ದುಷ್ಟರೇನಲ್ಲ. ಕೆಲವರು ಮರುಕದಿಂದಲೇ ಹೇಳುತ್ತಾರೆ. ಆದರೆ ಮರುಕದಿಂದ ಆಡಿದ ಮಾತ್ರಕ್ಕೆ ಸುಳ್ಳು ದಿಟವಾಗಲಾರದು. ಈ ಅಭಿಪ್ರಾಯವನ್ನು ನಾವು ಖಂಡಿಸುತ್ತೇವೆ.

ಖಂಡನೆಗೆ ಸಾಕ್ಷಿ ಬೇಕಷ್ಟೆ. ಅದನ್ನು ನಾವು ದೂರದ ಸ್ಕಾಟ್ಲೆಂಡಿನಿಂದ ತರುತ್ತಿದ್ದೇವೆ. ದೂರದ ಬೆಟ್ಟ ನುಣ್ಣಗೆ ಎಂದು ಯಾರಾದರೂ ನಕ್ಕಾರು. ಆ ಬೆಟ್ಟ ನುಣ್ಣಗಿಲ್ಲವೆಂಬುದನ್ನೇ ನಾವು ತೋರಿಸಬೇಕಾಗಿದೆ. ಅಲ್ಲಿಯೂ ಭೂಮಿ ಕೆಲವೇ ಧಣಿಗಳದಾಗಿತ್ತು. ಉತ್ತವರೂ ಕೊಯ್ದವರೂ ಬೇರೆಯವರು. ಊರಿಂದೂರಿಗೆ ಬಿಡಾರ ಬದಲಿಸುತ್ತಿದ್ದ ಆ ಜನರಿಗೆ ಗೇಣು ನೆಲವೂ ಸ್ವಂತದ್ದಿರಲಿಲ್ಲ. ಅವರ ಮರಿಮಕ್ಕಳು ಇಂದು ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ನೆಲಸಿರುವರು. ತಮ್ಮ ಹಿರಿಯನು ಯಾವ ಹೊಲದಲ್ಲಿ ನೇಗಿಲು ಹಿಡಿದಿದ್ದನೆಂದು ಹುಡುಕುತ್ತಿರುವರು. ಅನೇಕರು ಕಂಡುಕೊಂಡೂ ಇರುವರು. ಸ್ಕಾಟ್ಲೆಂಡನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಅದು ನಮ್ಮ ಸೀಮೆಗೆ ಸಂಬಂಧಿಸಿದ್ದು. ಅದರ ಸರದಿ ಬಂದಾಗ ಹೇಳುತ್ತೇವೆ.

ಮೊದಲು ದಾರಿಯಲ್ಲಿ ಅಡ್ಡ ನಿಂತಿರುವ ಒಂದು ಬಣ್ಣದ ಬೊಂಬೆಯನ್ನು ಸರಿಸಬೇಕು. ಸ್ಕಾಟ್ಲೆಂಡ್ ಎಂದೊಡನೆ ಜನ ಕಾಣುವುದು ಕೋಟೆಗಳನ್ನು, ಕುಲನಾಯಕರನ್ನು, ಚೌಕುಳಿಯ ಟಾರ್ಟನ್ ಬಟ್ಟೆಯನ್ನು. ಪರದೇಶದಿಂದ ಬಂದ ಮರಿಮಗನೊಬ್ಬ ತನ್ನ ಅಡ್ಡಹೆಸರನ್ನು ಅಂಗಡಿಯವನಿಗೆ ಹೇಳಿದರೆ ಸಾಕು. ಇದು ನಿಮ್ಮ ಕುಲದ ಬಟ್ಟೆ, ಇದು ನಿಮ್ಮ ಕುಲದ ಮುದ್ರೆ ಎಂದು ಕಟ್ಟಿ ಕೊಡುತ್ತಾರೆ. ಅವನು ತಾನು ನಾಯಕನ ವಂಶದವನೆಂದು ಹಿಗ್ಗಿ ಮರಳುತ್ತಾನೆ. ಈ ಕುಲಕ್ಕೊಂದು ಬಟ್ಟೆಯೆಂಬ ಏರ್ಪಾಡು ಪುರಾತನವಾದುದಲ್ಲ. ೧೮೨೨ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನು ಹೂಡಿದ ಮೆರವಣಿಗೆ ಸಮಾರಂಭಗಳಿಂದ ಅದಕ್ಕೆ ಹುರುಪು ಬಂದಿತು. ೧೮೪೨ರಲ್ಲಿ ಇಬ್ಬರು ಸೋದರರು, ತಮ್ಮಲ್ಲಿ ಹಳೆಯ ಹಸ್ತಪ್ರತಿಯುಂಟೆಂದು ಹೇಳಿಕೊಂಡು, ಮಲೆನಾಡಿನ ಕುಲಗಳಿಗೂ ಬಯಲುಸೀಮೆಯ ಮನೆತನಗಳಿಗೂ ಒಂದೊಂದು ಟಾರ್ಟನ್ ಹಂಚಿ ದೊಡ್ಡ ಗ್ರಂಥವನ್ನು ಅಚ್ಚು ಹಾಕಿಸಿದರು. ಆ ಹಸ್ತಪ್ರತಿಯು ಕಟ್ಟುಕತೆಯೆಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ವಿನೋದವೇನೆಂದರೆ ಆ ಸೋದರರು ಸೋಬಿಯೆಸ್ಕಿ ಸ್ಟುವರ್ಟ್ ಎಂಬ ಹೆಸರನ್ನು ತಾವೇ ಇಟ್ಟುಕೊಂಡವರು. ಪಟ್ಟ ತಪ್ಪಿದ ರಾಜಕುಮಾರ ಚಾರ್ಲ್ಸನ ಮೊಮ್ಮಕ್ಕಳು ತಾವೆಂದು ಸಾರಿಕೊಂಡು ತಿರುಗಿದವರು. ತಮಗೇ ಸುಳ್ಳು ಅಜ್ಜನನ್ನು ಹುಟ್ಟಿಸಿಕೊಂಡವರು ನಾಡಿಗೆಲ್ಲ ಅಜ್ಜಂದಿರ ಬಟ್ಟೆ ಹಂಚಿದರು!

ಬಯಲುಸೀಮೆಯಲ್ಲಿ ನೇಗಿಲು ಹಿಡಿದವನು ಹೊಲಕ್ಕೆ ಹೋಗುತ್ತಿದ್ದುದು ದಪ್ಪ ಕಾರ್ಡರಾಯ್ ಷರಾಯಿ ತೊಟ್ಟು, ಮೊಣಕಾಲ ಕೆಳಗೆ ಹುರಿಯಿಂದಲೋ ತೊಗಲ ಪಟ್ಟಿಯಿಂದಲೋ ಬಿಗಿದುಕೊಂಡು. ಅವನ ಮರಿಮಗನಿಗೆ ನಾಯಕನ ಬಟ್ಟೆಯನ್ನು ಮಾರುವವರು ಅವನ ನಿಜವಾದ ಅಜ್ಜನನ್ನು ಎರಡನೆಯ ಸಲ ಹೂಳುತ್ತಿದ್ದಾರೆಂದೇ ನಮ್ಮ ಅಭಿಪ್ರಾಯ. ಆಳಿಗೆ ವಂಶವಿಲ್ಲವೆನ್ನುವವರೂ ಆಳಿಗೆ ಅರಸನ ವಂಶವನ್ನು ಅಂಟಿಸುವವರೂ ಒಂದೇ ಗರಡಿಯ ಆಳುಗಳು.

ಇರಲಿ. ಆ ದುಡಿಮೆಗಾರರು ಯಾರು, ಹೇಗೆ ಬಾಳಿದರು ಎಂಬುದನ್ನು ನೋಡದೆ ಅವರ ಜಾಡು ಸಿಕ್ಕುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಭೂಮಿಯ ಒಡೆಯ ಒಬ್ಬ. ಅವನಿಂದ ಗೇಣಿಗೆ ಹಿಡಿದು ಬೇಸಾಯ ಮಾಡಿಸುವ ಒಕ್ಕಲಿಗ ಇನ್ನೊಬ್ಬ. ಆ ಒಕ್ಕಲಿಗನ ಕೈಕೆಳಗೆ ಸಂಬಳದ ಆಳುಗಳು. ಮದುವೆಯಾದ ಆಳಿನ ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು, ಒಂಟಿಯಾಳಿನದು ಆರು ತಿಂಗಳದ್ದು. ಗಡುವಿನ ದಿನಗಳು ಎರಡು: ಮೇ ತಿಂಗಳಲ್ಲಿ ವಿಟ್ಸನ್, ನವೆಂಬರಿನಲ್ಲಿ ಮಾರ್ಟಿನ್‌ಮಸ್. ಗಡುವು ಹತ್ತಿರವಾದಾಗ ಪೇಟೆಯಲ್ಲಿ ಆಳುಗಳ ಸಂತೆ ಕೂಡುತ್ತಿತ್ತು. ದನದ ಸಂತೆಯಲ್ಲಿ ಹೇಗೋ ಹಾಗೆಯೇ ಒಕ್ಕಲಿಗರು ಆಳುಗಳ ಮೈಕಟ್ಟು ನೋಡುತ್ತ ಸುತ್ತುವರು. ಮಾತು ಕುದುರಿದರೆ ಕೈಗೊಂದು ನಾಣ್ಯವಿಡುವರು. ಅದೇ ಸಂಚಕಾರ. ಕಾಗದವಿಲ್ಲ, ರುಜುವಿಲ್ಲ, ಸಂಚಕಾರ ಹಿಡಿದವನು ಕಟ್ಟುಬಿದ್ದ. ಗಡುವಿನ ದಿನ ಹೊಸ ಧಣಿಯ ಬಂಡಿ ಬರುತ್ತದೆ. ಮಂಚ, ಪಾತ್ರೆ, ಕೂಸು, ಮುದುಕಿ ಎಲ್ಲವೂ ಅದರ ಮೇಲೆ. ನಾಡಿನ ತುಂಬ ಅದೇ ದಿನ ಬಂಡಿಗಳ ಸಾಲು. ಒಂಟಿಯಾಳಿಗೆ ಅಷ್ಟೂ ಇಲ್ಲ. ಒಂದು ಮರದ ಪೆಟ್ಟಿಗೆಯೇ ಅವನ ಸರ್ವಸ್ವ.

ಅವರ ವಾಸವೂ ಸೀಮೆಗೊಂದು ಬಗೆ. ಆಂಗಸ್, ಫೈಫ್, ಪರ್ತ್ ಸೀಮೆಗಳಲ್ಲಿ ಒಂಟಿಯಾಳುಗಳಿಗೆ ಬಾಥಿ ಎಂಬ ಬಿಡಾರ. ನಾಲ್ಕಾರು ಯುವಕರು ಒಂದೇ ಕೋಣೆಯಲ್ಲಿದ್ದು, ಪಡಿಯಾಗಿ ಸಿಕ್ಕಿದ ಓಟ್ ಹಿಟ್ಟಿಗೆ ಕುದಿನೀರು ಹೊಯ್ದು ಕಲಸಿಕೊಂಡು ಉಣ್ಣುವುದು, ಜೊತೆಗೆ ಹಾಲು. ಅಬರ್ಡೀನ್ ಸೀಮೆಯಲ್ಲಿ ಮಲಗುವುದು ಕುದುರೆಲಾಯದ ಬಳಿಯ ಕೊಟ್ಟಿಗೆಯ ಕೋಣೆಯಲ್ಲಿ, ಊಟ ಒಕ್ಕಲಿಗನ ಅಡಿಗೆಮನೆಯಲ್ಲಿ. ಆಗ್ನೇಯ ಭಾಗದ ಲೋಥಿಯನ್, ಬೆರಿಕ್ ಸೀಮೆಗಳಲ್ಲಿ ಸಂಸಾರಸ್ಥ ಆಳುಗಳೇ ಹೆಚ್ಚು; ಅವರನ್ನು ಹೈಂಡ್ ಎಂದು ಕರೆಯುತ್ತಿದ್ದರು. ಹೈಂಡನಿಗೆ ಗುಡಿಸಲು, ಧಾನ್ಯ, ಆಲೂಗಡ್ಡೆಗೆ ಒಂದಿಷ್ಟು ನೆಲ, ಹಸು ಕಟ್ಟಲು ಅನುಮತಿ. ಇವೆಲ್ಲಕ್ಕೂ ಒಂದು ಕರಾರು: ಹೊಲದ ಕೆಲಸಕ್ಕೆ ಅವನು ಒಬ್ಬ ಹೆಣ್ಣಾಳನ್ನು ಒದಗಿಸಲೇಬೇಕು. ಹೆಂಡತಿಯೋ ಮಗಳೋ ಇಲ್ಲವಾದರೆ ತನ್ನ ಖರ್ಚಿನಿಂದಲೇ ಒಬ್ಬಳನ್ನು ಸಂತೆಯಿಂದ ಗೊತ್ತುಮಾಡಿ ತನ್ನ ಗುಡಿಸಲಿನಲ್ಲೇ ಇಟ್ಟುಕೊಳ್ಳಬೇಕು. ಅವಳಿಗೆ ಬಾಂಡೇಜರ್ ಎಂದು ಹೆಸರು, ಕಟ್ಟುಬಿದ್ದವಳು ಎಂದರ್ಥ. ಆಳಿನ ಆಳಾಗಿ ದುಡಿದ ಆ ಹೆಣ್ಣುಮಗಳ ಅಜ್ಜಿ ಯಾರೆಂದು ಕೇಳುವ ಧೈರ್ಯ ಯಾವ ಕುಲಪುರಾಣಕ್ಕಿದೆ?

ಸರಕಾರದ ಕಡತಗಳು ಇಂಥವರನ್ನು ಕಂಡೂ ಕಾಣದಂತಿದ್ದುದುಂಟು. ೧೭೯೭–೯೮ರಲ್ಲಿ ಬೇಸಾಯದ ಕುದುರೆಗಳ ಮೇಲೆ ತೆರಿಗೆ ಬಂದಿತು. ಅದರ ಪಟ್ಟಿಗಳು ಇಂದಿಗೂ ಇವೆ. ಒಡೆಯನ ಹೆಸರು, ಅವನಲ್ಲಿರುವ ಕುದುರೆಗಳ ಸಂಖ್ಯೆ, ಎಲ್ಲವೂ ಅಚ್ಚುಕಟ್ಟು. ಆ ಕುದುರೆಗಳ ಹಿಂದೆ ದಿನವಿಡೀ ನಡೆದವನ ಸುಳಿವಿಲ್ಲ. ೧೮೫೫ರಿಂದ ವರ್ಷಕ್ಕೊಮ್ಮೆ ಬರೆದ ಭೂಮಿ ಮನೆಗಳ ಮೌಲ್ಯದ ಪಟ್ಟಿಯಲ್ಲಿಯೂ ವರ್ಷಕ್ಕೆ ೪ ಪೌಂಡಿಗಿಂತ ಕಡಿಮೆ ಬಾಡಿಗೆಯ ಬಿಡಾರದವನ ಹೆಸರನ್ನು ಬರೆಯಲೇಬೇಕೆಂಬ ಕಟ್ಟಳೆಯಿರಲಿಲ್ಲ. ೧೭೮೩ರಿಂದ ೧೭೯೪ರವರೆಗೆ ಇಗರ್ಜಿಯ ಪುಸ್ತಕದಲ್ಲಿ ಜನನ, ಮದುವೆ, ಮರಣಗಳನ್ನು ಬರೆಸಲು ೩ ಪೆನ್ಸ್ ಸುಂಕ ಕೊಡಬೇಕಾಗಿತ್ತು. ತೀರ ದರಿದ್ರರಿಗೆ ವಿನಾಯಿತಿಯಿದ್ದರೂ, ದರಿದ್ರನೆಂದು ಹೇಳಿಕೊಳ್ಳಲೊಲ್ಲದ ಬಡವನು ಬರೆಸದೆ ಸುಮ್ಮನಾದನು. ಒಂದೇ ಒಂದು ವಿಭಕ್ತಿಯಲ್ಲಿ ಸಹ ಅಂತಸ್ತು ಅಡಗಿತ್ತು. ಹಳೆಯ ಪತ್ರಗಳಲ್ಲಿ ಇಂಥ ಊರಿನ ಇಂಥವನು ಎಂದರೆ ಅವನು ಆ ನೆಲದ ಒಡೆಯ. ಇಂಥ ಊರಿನಲ್ಲಿ ಇಂಥವನು ಎಂದರೆ ಬರಿಯ ಗೇಣಿದಾರ. ಷಷ್ಠಿಗೂ ಸಪ್ತಮಿಗೂ ನಡುವೆ ಒಂದು ಜಮೀನಿನಷ್ಟು ಅಂತರ! ವ್ಯಾಕರಣ ಕಲಿಸುವ ನಾವು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇಷ್ಟನ್ನೇ ನೋಡಿ ನಮ್ಮ ಮಿತ್ರರು ಗೆದ್ದೆವೆಂದು ಎದ್ದು ನಿಂತಾರು. ದಯವಿಟ್ಟು ಕುಳಿತುಕೊಳ್ಳಲಿ. ೧೬೯೬ರಲ್ಲಿ ಅಬರ್ಡೀನ್ ಸೀಮೆಯಲ್ಲಿ ತಲೆಗಂದಾಯದ ಪಟ್ಟಿಯಾಯಿತು. ಆಳಿನ ತೆರಿಗೆ ಅವನ ಸಂಬಳವನ್ನು ಅವಲಂಬಿಸಿತ್ತಾದುದರಿಂದ ಗುಮಾಸ್ತರು ಒಕ್ಕಲಿಗನ ಹೆಸರಿನ ಕೆಳಗೆ ಅವನ ಆಳುಗಳ ಹೆಸರನ್ನೂ ಸಂಬಳವನ್ನೂ ಬರೆಯಲೇಬೇಕಾಯಿತು. ೧೮೪೪ರಲ್ಲಿ ಆ ಪಟ್ಟಿ ಎರಡು ಸಂಪುಟಗಳಾಗಿ ಅಚ್ಚಾಗಿದೆ. ಮುನ್ನೂರು ವರ್ಷಗಳಿಗೂ ಹಿಂದಿನ ದನಗಾಹಿಗಳೂ ಹೆಣ್ಣಾಳುಗಳೂ ಹೆಸರು ಹಿಡಿದು ಕರೆದರೆ ಓ ಎನ್ನುವಂತೆ ಅಲ್ಲಿದ್ದಾರೆ. ಪ್ರೀತಿಯಿಂದ ಬರೆದ ಪಟ್ಟಿಯಲ್ಲ ಅದು, ಸುಲಿಯಲು ಬರೆದದ್ದು. ಆದರೂ ಹೆಸರು ಹೆಸರೇ.

೧೮೫೫ನೆಯ ಜನವರಿ ೧ರಿಂದ ಜನನ, ಮದುವೆ, ಮರಣಗಳ ನೋಂದಣಿಯನ್ನು ಸರಕಾರವೇ ಕೈಗೆತ್ತಿಕೊಂಡಿತು. ಸ್ಕಾಟ್ಲೆಂಡಿನ ಮರಣಪತ್ರದ ಗುಣವನ್ನು ಹೊಗಳದೆ ಇರಲಾರೆವು. ಸತ್ತವನ ತಂದೆಯ ಹೆಸರು, ತಂದೆಯ ಕಸುಬು, ತಾಯಿಯ ಹೆಸರು, ಅವಳ ತವರಿನ ಅಡ್ಡಹೆಸರು, ಇಷ್ಟೂ ಅದರಲ್ಲಿರಬೇಕು. ೧೮೫೬ರಲ್ಲಿ ಎಂಬತ್ತು ವರ್ಷದ ಮುದುಕ ಉಳುಮೆಗಾರನೊಬ್ಬ ತೀರಿಕೊಂಡನೆನ್ನೋಣ. ಆ ಒಂದು ಹಾಳೆಯಿಂದ ೧೭೭೦ರ ದಶಕದ ಅವನ ತಾಯ್ತಂದೆಗಳು ಕೈಗೆ ಸಿಕ್ಕುತ್ತಾರೆ. ಹೆಣ್ಣಿನ ತವರ ಹೆಸರನ್ನು ಬಿಡದೆ ಬರೆಯುವ ಪದ್ಧತಿಯಿಂದ ತಾಯಿಯ ಕಡೆಯ ಕವಲೂ ಕಡಿಯುವುದಿಲ್ಲ. ಹೇಳುವವರು ನೆಂಟರೋ ನೆರೆಯವರೋ ಆದುದರಿಂದ ತಪ್ಪು ನುಸುಳುವುದುಂಟು. ಅದನ್ನು ಇತರ ಪುಸ್ತಕಗಳೊಡನೆ ತಾಳೆ ನೋಡಬೇಕು.

ಹತ್ತು ವರ್ಷಕ್ಕೊಮ್ಮೆಯ ಖಾನೇಷುಮಾರಿ ಇದಕ್ಕಿಂತ ಸೊಗಸು. ೧೮೫೧ರಿಂದ ಪ್ರತಿಯೊಬ್ಬನೂ ಹುಟ್ಟಿದ ಪ್ಯಾರಿಷನ್ನು, ಎಂದರೆ ಒಂದು ಇಗರ್ಜಿಗೆ ಸೇರಿದ ಮಾಗಣೆಯನ್ನು, ಅದರಲ್ಲಿ ಬರೆದಿದೆ. ಉಳುಮೆಗಾರನ ಮನೆಯ ಪುಟ ತೆರೆದರೆ ಹಿರಿಯ ಮಗ ಒಂದು ಮಾಗಣೆಯಲ್ಲಿ ಹುಟ್ಟಿದವನು, ಎರಡನೆಯ ಮಗಳು ಪಕ್ಕದ ಮಾಗಣೆಯಲ್ಲಿ, ಮೂರನೆಯವನು ಹೊಳೆಯಾಚೆ, ಕೈಕೂಸು ಮತ್ತೊಂದು ಕಡೆ. ಅಪ್ಪ ಯಾವ ವರ್ಷ ಯಾವ ಧಣಿಯ ಬಂಡಿ ಹತ್ತಿದನೆಂಬುದಕ್ಕೆ ಮಕ್ಕಳೇ ಮೈಲಿಗಲ್ಲುಗಳು! ಬಾಥಿಯ ಯುವಕರನ್ನು ಒಂದು ಮನೆಯೆಂದೇ ಎಣಿಸಿ ಒಬ್ಬೊಬ್ಬನ ಹುಟ್ಟೂರನ್ನೂ ಬರೆದಿದೆ. ೧೮೬೧ರ ಎಣಿಕೆಯಲ್ಲಿ ಕಿಟಕಿಯುಳ್ಳ ಕೋಣೆಗಳು ಎಷ್ಟೆಂದು ಸಹ ಕೇಳಿದ್ದಾರೆ. ಎಂಟು ಜನರ ಸಂಸಾರದ ಎದುರು ಒಂದು ಎಂಬ ಅಂಕೆಯನ್ನು ಕಂಡಾಗ ಮರಿಮಗನಿಗೆ ಯಾವ ಕೋಟೆಯ ಚಿತ್ರವೂ ಬೇಕಾಗಲಾರದು. ೧೯೨೧ರ ಎಣಿಕೆಯ ಪುಟಗಳು ನೂರು ವರ್ಷದ ಗಡುವು ಕಳೆದ ಮೇಲೆ ೨೦೨೨ರಲ್ಲಿ ಎಲ್ಲರಿಗೂ ತೆರೆದಿವೆ.

ಇವೆಲ್ಲ ಎಲ್ಲರ ಪಾಲಿನ ಪುಸ್ತಕಗಳು. ಬಡವನ ಪಾಲಿಗೆ ವಿಶೇಷವಾಗಿ ಇರುವ ಪುಸ್ತಕಗಳು ಎರಡು. ಎರಡೂ ಅವಮಾನದ ಪುಸ್ತಕಗಳು. ಮೊದಲನೆಯದು ಇಗರ್ಜಿಯ ಹಿರಿಯರ ಸಭೆಯ ನಡವಳಿ. ಮದುವೆಯಿಲ್ಲದೆ ಬಸುರಾದ ಹೆಣ್ಣಾಳನ್ನು ಸಭೆಗೆ ಕರೆಸಿ, ತಂದೆ ಯಾರೆಂದು ಕೇಳಿ, ಅವನನ್ನೂ ಕರೆಸಿ, ಇಬ್ಬರನ್ನೂ ಎಲ್ಲರೆದುರು ತಪ್ಪೊಪ್ಪಿಗೆಯ ಪೀಠದಲ್ಲಿ ಕೂರಿಸುತ್ತಿದ್ದ ಕಾಲವುಂಟು. ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆಯ ಜಾಗ ಖಾಲಿಯಿದ್ದರೂ ಸಭೆಯ ನಡವಳಿಯಲ್ಲಿ ಅವನ ಹೆಸರಿರುವುದುಂಟು. ಒಂದು ಮಾಗಣೆಯಿಂದ ಇನ್ನೊಂದಕ್ಕೆ ಹೋಗುವ ಆಳು ಹಳೆಯ ಪಾದ್ರಿಯಿಂದ ನಡತೆಯ ಪತ್ರ ಒಯ್ಯಬೇಕಾಗಿತ್ತು; ಅದರ ಲೆಕ್ಕವೂ ಕೆಲವೆಡೆ ಅಲ್ಲಿಯೇ ಸಿಕ್ಕುತ್ತದೆ.

ಎರಡನೆಯದರ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ೧೮೪೫ರ ಬಡವರ ಕಾನೂನಿನಂತೆ ಮಾಗಣೆಗೊಂದು ಸಮಿತಿಯೂ ಒಬ್ಬ ಇನ್ಸ್‌ಪೆಕ್ಟರನೂ ಏರ್ಪಟ್ಟರು. ಮೈಯಲ್ಲಿ ಕಸುವಿರುವವನಿಗೆ ಸಹಾಯ ಕೇಳುವ ಹಕ್ಕೇ ಇಲ್ಲ. ಮುದುಕರು, ರೋಗಿಗಳು, ಮಕ್ಕಳೊಂದಿಗ ವಿಧವೆಯರು, ಇಂಥವರಿಗೆ ಮಾತ್ರ. ಅದೂ ಯಾವ ಮಾಗಣೆ ಕೊಡಬೇಕು? ಅವನು ಹುಟ್ಟಿದ ಮಾಗಣೆ, ಅಥವಾ ಎಡೆಬಿಡದೆ ಐದು ವರ್ಷ ವಾಸವಾಗಿದ್ದ ಮಾಗಣೆ. ೧೮೯೮ರಲ್ಲಿ ಐದು ಹೋಗಿ ಮೂರಾಯಿತು. ಈಗ ಆಲೋಚಿಸಿರಿ: ಗಡುವು ಗಡುವಿಗೆ ಬಂಡಿ ಹತ್ತಿದವನು ಎಲ್ಲಿ ಐದು ವರ್ಷ ನೆಲೆ ನಿಂತಾನು? ಸೊಂಟ ಮುರಿದು ಮೂಲೆ ಹಿಡಿದ ಉಳುಮೆಗಾರ ಅರ್ಜಿ ಹಾಕಿದೊಡನೆ ಈ ಮಾಗಣೆಯವರು ಆ ಮಾಗಣೆಯ ಕಡೆಗೂ, ಆ ಮಾಗಣೆಯವರು ಮತ್ತೊಂದರ ಕಡೆಗೂ ಬೆರಳು ತೋರಿಸುವರು. ಹೊಣೆಯನ್ನು ಜಾರಿಸಿಕೊಳ್ಳಲು ಇನ್ಸ್‌ಪೆಕ್ಟರನು ಮುದುಕನ ಬಾಯಿಂದ ಹುಟ್ಟೂರು, ತಾಯ್ತಂದೆಗಳು, ಮದುವೆ, ಮಕ್ಕಳು, ಯಾವ ವರ್ಷ ಯಾವ ಹೊಲದಲ್ಲಿದ್ದೆ ಎಂಬ ಸಕಲ ವಿವರಗಳನ್ನೂ ಹೊರಡಿಸಿ ಬರೆದುಕೊಂಡನು. ನಾಲ್ಕು ಕಾಸು ಉಳಿಸಲೆಂದು ಬರೆದ ಆ ವಿವರ ಆಳಿನ ಜೀವನಚರಿತ್ರೆಯಾಗಿ ಉಳಿಯಿತು. ಎಲ್ಲ ಮಾಗಣೆಗಳ ಪುಸ್ತಕಗಳೂ ಉಳಿದಿಲ್ಲವೆಂಬುದು ನಿಜ. ಉಳಿದಲ್ಲಿ ಮಾತ್ರ, ಅನೇಕ ಜಮೀನುದಾರರ ಬಗ್ಗೆ ಸಿಕ್ಕದಷ್ಟು ವಿವರ ಭಿಕ್ಷೆ ಬೇಡಿದವನ ಬಗ್ಗೆ ಸಿಕ್ಕುತ್ತದೆ.

ಇನ್ನು ಭಾಷೆಯ ಮಾತು. ಗಡಿಯಾಚೆ ಕನ್ನಡ ಕಲಿಸುವ ನಮಗೆ ಇದು ಎದೆಗೆ ತಾಕುವಂಥದು. ಸ್ಕಾಟ್ಲೆಂಡಿನ ಮಲೆನಾಡಿನಲ್ಲಿಯೂ ಪಶ್ಚಿಮದ ದ್ವೀಪಗಳಲ್ಲಿಯೂ ಜನರ ಮಾತು ಗೇಲಿಕ್. ಗುಮಾಸ್ತನ ಲೇಖನಿ ಇಂಗ್ಲಿಷಿನದು. ತಾಯಿ ಟೊರ್ಮೊಡ್ ಎಂದು ಕರೆದ ಮಗ ಪುಸ್ತಕದಲ್ಲಿ ನಾರ್ಮನ್ ಆದನು. ಗಿಲೆಸ್ಪಿಕ್ ಎಂಬವನು ಆರ್ಚಿಬಾಲ್ಡ್ ಆದನು. ಓಯ್ರಿಕ್ ಎಂಬ ಹುಡುಗಿ ಒಂದೆಡೆ ಎಫಿ, ಮತ್ತೊಂದೆಡೆ ಯೂಫೀಮಿಯಾ. ಈ ಹೆಸರುಗಳಿಗೆ ಅರ್ಥದಲ್ಲಾಗಲಿ ಮೂಲದಲ್ಲಾಗಲಿ ನಂಟಿಲ್ಲ. ಕಿವಿಗೆ ಅಷ್ಟಿಷ್ಟು ಹತ್ತಿರವೆನಿಸಿದ್ದನ್ನೋ ರೂಢಿಯಲ್ಲಿ ಬಂದದ್ದನ್ನೋ ಗೀಚಿದರು. ಇಂದು ಹುಡುಕುವವನು ಒಬ್ಬ ಅಜ್ಜಿಯನ್ನು ಮೂರು ಹೆಸರುಗಳಲ್ಲಿ ಹುಡುಕಬೇಕು. ೧೮೮೩ರಲ್ಲಿ ಲಾರ್ಡ್ ನೇಪಿಯರನ ಆಯೋಗವು ಮಲೆನಾಡಿನ ಬಡ ರೈತರ ಅಹವಾಲು ಕೇಳಲು ಊರೂರು ಸುತ್ತಿದಾಗ ಬಹುಮಂದಿ ಗೇಲಿಕ್ಕಿನಲ್ಲಿಯೇ ಮಾತನಾಡಿದರು. ಅಚ್ಚಾದುದು ದುಭಾಷಿಯ ಇಂಗ್ಲಿಷು. ೧೮೭೨ರ ಶಿಕ್ಷಣ ಕಾನೂನು ೫ರಿಂದ ೧೩ ವರ್ಷದ ಮಕ್ಕಳಿಗೆ ಶಾಲೆಯನ್ನು ಕಡ್ಡಾಯಗೊಳಿಸಿತು. ಗೇಲಿಕ್ಕಿಗೆ ಮಾತ್ರ ಅದರಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ. ಮನೆಯ ಮಾತನ್ನು ಹೊರಗಿಟ್ಟು ಮಗುವನ್ನು ಒಳಗೆ ಕರೆದ ಶಾಲೆ ಅದು.

ಆದರೂ ಆ ಶಾಲೆಗಳ ಪುಸ್ತಕಗಳು ಉಳುಮೆಗಾರನ ಮಕ್ಕಳ ಜಾಡನ್ನು ಹಿಡಿದಿಟ್ಟಿವೆ. ಮುಖ್ಯೋಪಾಧ್ಯಾಯನು ದಿನಚರಿ ಪುಸ್ತಕವನ್ನು ಬರೆದಿಡಬೇಕಾಗಿತ್ತು. ಗಡುವಿನ ವಾರ ಬಂದೊಡನೆ ಹಳ್ಳಿಯ ಶಾಲೆಯಲ್ಲಿ ಅರ್ಧ ಬೆಂಚು ಖಾಲಿ; ಮರುವಾರ ಹೊಸ ಮುಖಗಳು; ಆಲೂಗಡ್ಡೆ ಕೀಳುವ ಕಾಲಕ್ಕೆ ಮತ್ತೆ ಖಾಲಿ. ದಾಖಲಾತಿ ಪುಸ್ತಕದಲ್ಲಿ ಮಗುವಿನ ಜನನದ ತಾರೀಖು, ಹಿರಿಯನ ಹೆಸರು, ಹಿಂದೆ ಓದಿದ ಶಾಲೆ. ಹಿಂದಿನ ಶಾಲೆಯ ಹೆಸರನ್ನು ಹಿಡಿದು ಅಲ್ಲಿಗೆ ಹೋದರೆ ಅದರ ಹಿಂದಿನದು. ಹತ್ತು ವರ್ಷಕ್ಕೊಮ್ಮೆ ಬರುವ ಖಾನೇಷುಮಾರಿಯ ಗುಮಾಸ್ತನಿಗೆ ತಪ್ಪಿಸಿಕೊಂಡ ಸಂಸಾರ ಈ ಬಡ ಉಪಾಧ್ಯಾಯನ ಪುಸ್ತಕದಲ್ಲಿ ಸಿಕ್ಕಿಬೀಳುತ್ತದೆ.

ಉಪಾಧ್ಯಾಯನಿಗೆ ಇವಕ್ಕೆಲ್ಲ ಬಿಡುವೆಲ್ಲಿ ಎನ್ನುವವರಿಗೆ ಗ್ಯಾವಿನ್ ಗ್ರೆಗ್‌ನ ಹೆಸರು ಹೇಳುತ್ತೇವೆ. ಅಬರ್ಡೀನ್ ಸೀಮೆಯ ನ್ಯೂ ಡೀರ್ ಬಳಿಯ ವೈಟ್‌ಹಿಲ್ ಎಂಬಲ್ಲಿ ಅವನು ಶಾಲಾ ಮಾಸ್ತರ, ೧೯೧೪ರಲ್ಲಿ ತೀರಿಕೊಂಡನು. ಶಾಲೆ ಬಿಟ್ಟ ಮೇಲೆ ಸುತ್ತಣ ಒಕ್ಕಲುಗಳಿಗೆ ಹೋಗಿ ಆಳುಗಳೂ ಮುದುಕಿಯರೂ ಹಾಡುತ್ತಿದ್ದ ಪದಗಳನ್ನು ಬರೆದುಕೊಂಡನು. ೧೯೦೭ರಿಂದ ೧೯೧೧ರವರೆಗೆ ಸ್ಥಳೀಯ ವಾರಪತ್ರಿಕೆಯಲ್ಲಿ ಅವುಗಳ ಬಗ್ಗೆ ಬರೆದನು. ಅವನೂ ಜೇಮ್ಸ್ ಡಂಕನ್ ಎಂಬ ಪಾದ್ರಿಯೂ ಕೂಡಿಸಿದ ಹಾಡುಗಳು ಮೂರು ಸಾವಿರಕ್ಕೆ ಮೇಲ್ಪಟ್ಟಿವೆ; ೧೯೮೧ರಿಂದ ೨೦೦೨ರವರೆಗೆ ಎಂಟು ಸಂಪುಟಗಳಲ್ಲಿ ಅಚ್ಚಾದುವು. ಬಾಥಿಯ ಹಾಡುಗಳಲ್ಲಿ ಒಕ್ಕಲಿನ ಹೆಸರು ಬರುತ್ತದೆ, ಜಿಪುಣ ಧಣಿಯ ವರ್ಣನೆ ಬರುತ್ತದೆ, ಮೊದಲನೆಯ ಕುದುರೆಯಾಳು ಯಾರು, ಚಿಲ್ಲರೆ ಕೆಲಸದ ಹುಡುಗ ಯಾರೆಂಬುದು ಬರುತ್ತದೆ. ಕಡತ ಕುದುರೆಗಳನ್ನು ಎಣಿಸಿತು. ಹಾಡು ಆಳುಗಳನ್ನು ಎಣಿಸಿತು.

ಈಗ ನಮ್ಮ ಸೀಮೆಗೆ ಸಂಬಂಧಿಸಿದ ಕಾರಣವನ್ನು ಹೇಳಬಹುದು. ಪರ್ತ್ ಸೀಮೆಯಲ್ಲಿ ಹುಟ್ಟಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿ ಸರಕಾರದ ಅಪ್ಪಣೆಯಂತೆ ೧೮೦೦ರಲ್ಲಿ ಮದರಾಸಿನಿಂದ ಹೊರಟು ಮೈಸೂರನ್ನು ಸುತ್ತಿ, ಮಲಬಾರಿನಿಂದ ೧೮೦೧ರಲ್ಲಿ ನಮ್ಮ ಈ ಕರಾವಳಿಯನ್ನು ಹಾದು ಮಂಗಳೂರಿಗೆ ಹೋದನು. ೧೮೦೭ರಲ್ಲಿ ಅವನ ಪ್ರವಾಸದ ಮೂರು ಸಂಪುಟಗಳು ಲಂಡನ್ನಿನಲ್ಲಿ ಪ್ರಕಟವಾದುವು. ನಮ್ಮ ಗದ್ದೆಗಳಲ್ಲಿ ದುಡಿದ ಕೂಲಿಯಾಳುಗಳ ವಿಚಾರವೂ, ಮೂಲದ ಆಳುಗಳೆಂದು ಕೊಂಡು ಮಾರಲಾಗುತ್ತಿದ್ದವರ ವಿಚಾರವೂ ಅದರಲ್ಲಿದೆ. ಅವರಿಗೆ ಜಾತಿಯ ಹೆಸರಿದೆ, ಬೆಲೆಯಿದೆ, ಅಕ್ಕಿಯ ಪಡಿಯಿದೆ, ಬಟ್ಟೆಯ ಲೆಕ್ಕವಿದೆ, ತಾಯ್ತಂದೆಗಳಿಟ್ಟ ಹೆಸರಿಲ್ಲ. ಇದೇ ಬುಕಾನನ್ ತನ್ನ ಕೊನೆಗಾಲದಲ್ಲಿ ಸ್ವದೇಶದಲ್ಲಿ ಕುಳಿತು, ತಾನು ಬುಕಾನನ್ ಕುಲದ ನಾಯಕನೆಂದು ವಂಶಾವಳಿಯ ಆಧಾರದಿಂದ ಸಾಧಿಸಿಕೊಂಡನು! ಅವನ ಗ್ರಂಥದ ಉಪಕಾರವನ್ನು ನಾವು ಮರೆಯತಕ್ಕುದಲ್ಲ. ಆದರೆ ಅಜ್ಜನು ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ವಿಂಗಡಣೆ ಅವನ ಲೇಖನಿಯಲ್ಲಿಯೇ ಇತ್ತು. ಇಂದು ನಮ್ಮ ಕೂಟಗಳಲ್ಲಿ ಕೇಳುವ ಅಭಿಪ್ರಾಯ ಅದರ ಪಡಿಯಚ್ಚು.

ಬುಕಾನನನಿಗೆ ಸಿಕ್ಕದ ಹೆಸರುಗಳು ನಮಗೆ ಸಿಕ್ಕಿವೆಯಷ್ಟೆ. ಐತ, ಚೋಮ, ಅಂಗಾರ, ತುಕ್ರ, ತನಿಯ ಎಂದು ಹುಟ್ಟಿದ ವಾರದಿಂದ ಬಂದ ಹೆಸರಿನವರ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅವರ ಮನೆಗಳಲ್ಲಿ ಇನ್ನೂ ಬದುಕಿರುವ ಅಜ್ಜಿಯರು ತಾವು ಯಾವ ಧಣಿಯ ಗದ್ದೆಯಿಂದ ಯಾವ ಧಣಿಯ ಗದ್ದೆಗೆ ಬಂದೆವೆಂದು ಹೇಳಬಲ್ಲರು. ನಮ್ಮ ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳು ಗೆದ್ದಲಿಗೆ ಆಹಾರವಾಗದೆ ಉಳಿದಿದ್ದರೆ ಅವುಗಳಲ್ಲಿ ತಂದೆಯ ಹೆಸರೂ ಮನೆಯ ಹೆಸರೂ ಇವೆ. ಹೆಸರು ಚೆನ್ನಾಗಿಲ್ಲವೆಂದು ಮಾಸ್ತರರು ತಿದ್ದಿ ಬರೆದರೆ ತುಕ್ರನು ಶುಕ್ರನಾಗುತ್ತಾನೆ. ಟೊರ್ಮೊಡ್ ನಾರ್ಮನ್ ಆದುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಕಸುಬಿನ ಅಂಕಣದಲ್ಲಿ ಕೂಲಿ ಎಂಬ ಎರಡಕ್ಷರ ಬರೆದು ಮುಗಿಸುವುದೂ ಸುಲಭ. ಸ್ಕಾಟ್ಲೆಂಡಿನ ಗುಮಾಸ್ತ ಉಳುಮೆಗಾರ, ದನದಾಳು, ಕುರುಬ ಎಂದು ಬೇರೆ ಬೇರೆಯಾಗಿ ಬರೆದುದರಿಂದಲೇ ಒಂದೇ ಹೆಸರಿನ ಇಬ್ಬರಲ್ಲಿ ತನ್ನವನಾರೆಂದು ಮರಿಮಗನಿಗೆ ತಿಳಿಯುತ್ತದೆ.

ಮಗುವಿನ ಹಿರಿಯರು ಆಳುಗಳೆಂದು ಬರೆದರೆ ಮಗುವಿಗೆ ಅವಮಾನವಲ್ಲವೆ ಎಂಬ ಪ್ರಶ್ನೆ ಉಳಿಯುತ್ತದೆ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮ ನಾಡಿನಲ್ಲಿ ಕಸುಬಿನ ಹೆಸರಿನೊಳಗೆ ಜಾತಿಯ ಮುಳ್ಳಿದೆ, ಸ್ಕಾಟ್ಲೆಂಡಿನ ಉಳುಮೆಗಾರನಿಗೆ ಆ ಮುಳ್ಳಿರಲ್ಲಿಲ್ಲ. ತರಗತಿಯಲ್ಲಿ ಕೂಗಿ ಓದುವ ಪಟ್ಟಿಯಲ್ಲಿ ಇದು ಇರಕೂಡದು. ಆದರೆ ಮನೆಯವರ ಒಪ್ಪಿಗೆ ಪಡೆದು, ಅವರು ಹೇಳಿದ ಹೆಸರನ್ನು ಅವರು ಉಚ್ಚರಿಸಿದಂತೆಯೇ, ಹಿಂದಿನ ಶಾಲೆ, ಹಿಂದಿನ ಊರು, ತಾಯಿಯ ತವರು ಇವುಗಳೊಡನೆ ಒಂದು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಲು ಯಾವ ಅಡ್ಡಿಯಿದೆ? ಗುತ್ತಿನ ಮನೆಯ ಓಲೆಗಳನ್ನು ನಕಲು ಮಾಡಲು ಸಂಘವು ಬೇಕಾದಷ್ಟು ಕಾಗದ ಒದಗಿಸಿದೆ. ಅದರಲ್ಲಿ ಒಂದು ರೀಮನ್ನು ಈ ಕೆಲಸಕ್ಕೆ ಕೊಡಬೇಕೆಂದು ಮುಂದಿನ ಸಭೆಯಲ್ಲಿ ನಾವು ಕೇಳುವವರಿದ್ದೇವೆ. ವಿರೋಧಿಸುವ ಮಿತ್ರರು ಅಂದು ತಮ್ಮ ಕಾರಣಗಳೊಡನೆ ಬರಲಿ.